ಕಾಯಿಲೆ ಅಮ್ಮನದು, ಅರ್ಜಿ ಮಗಳದು: ಆರೈಕೆ ಭತ್ಯೆ ಎರಡು ಬಾರಿ ಕೈತಪ್ಪಿದ ಒಂದು ಪ್ರಕರಣ

ಇದು ಇಂಗ್ಲೆಂಡಿನಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದ ಪ್ರಕರಣ. 2024ರ ಫೆಬ್ರವರಿಯಿಂದ 2025ರ ಜನವರಿಯವರೆಗೆ ನಡೆದದ್ದು. ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಳಸಿಲ್ಲ, ಊರು, ಉದ್ಯೋಗ, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನಾನು ವಕೀಲೆಯಲ್ಲ. ಇಲ್ಲಿನ ಸರ್ಕಾರಿ ಭತ್ಯೆಗಳ ಅರ್ಜಿ ತುಂಬುವಾಗ ನಮ್ಮವರ ಪಕ್ಕದಲ್ಲಿ ಕುಳಿತು ನೆರವಾಗುತ್ತೇನೆ. ನಿರಾಕರಣೆಯ ಪತ್ರ ಹಿಡಿದು ಬರುವವರಲ್ಲಿ ಬಹಳ ಮಂದಿ ನಿಜಕ್ಕೂ ಅರ್ಹರೇ ಆಗಿರುತ್ತಾರೆ, ಆದರೆ ಮೊದಲು ಹಾಕಬೇಕಾದ ಅರ್ಜಿಯನ್ನು ಬಿಟ್ಟು ಎರಡನೆಯದನ್ನು ಹಾಕಿರುತ್ತಾರೆ. ಈ ಕುಟುಂಬದಲ್ಲಿ ಆದದ್ದೂ ಅದೇ. ಮೊದಲ ಅರ್ಜಿ ಹಾಕದೆ ಉಳಿದದ್ದಕ್ಕೆ ಮಾತ್ರ ಕಾರಣ ಬೇರೆಯೇ ಇತ್ತು.

ಹಿನ್ನೆಲೆ

ತಾಯಿಗೆ ಎಪ್ಪತ್ತಾರು ವರ್ಷ. ಮೈಸೂರಿನ ಕಡೆಯವರು. 1970ರ ದಶಕದಲ್ಲಿ ಮದುವೆಯಾಗಿ ಗಂಡನ ಜೊತೆ ಇಂಗ್ಲೆಂಡಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಚಳಿಗಾಲ ಶುರುವಾದರೆ ಮೈಸೂರಿಗೆ ಹೊರಟು ನಾಲ್ಕೈದು ತಿಂಗಳು ಇದ್ದು ಬರುವುದು ಅವರ ರೂಢಿ. ಅಂಗಡಿಗೆ, ಬಸ್ಸಿಗೆ, ನೆರೆಮನೆಯವರ ಜೊತೆ ಮಾತಿಗೆ ಸಾಲುವಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತು. ಡಾಕ್ಟರರ ಮಾತು ಮಾತ್ರ ಮಗಳ ಮೂಲಕವೇ ತಲುಪಬೇಕಿತ್ತು. ಮಗ, ಅಂದರೆ ಮಗಳಿಗೆ ಅಣ್ಣ, ಬೆಂಗಳೂರಿನಲ್ಲಿ. ಮಗಳು ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು, ಅಳಿಯನಿಗೂ ಕೆಲಸವಿತ್ತು, ಓದುವ ಮಕ್ಕಳಿಬ್ಬರು.

ಫೆಬ್ರವರಿಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಅದು ಯಕೃತ್ತಿಗೆ ಹರಡಿತ್ತು. ಆ ದಿನ ಆಸ್ಪತ್ರೆಯಲ್ಲಿ ದುಭಾಷಿ ಇರಲಿಲ್ಲ. ತಿಂಗಳುಗಳ ಲೆಕ್ಕದಲ್ಲಿ ಯೋಚಿಸಿ, ಮುಂದಿನ ವರ್ಷದ ಭರವಸೆ ಕೊಡಲಾರೆ ಎಂದು ತಜ್ಞರು ಹೇಳಿದರು. ಮಗಳು ಅಮ್ಮನ ಕಡೆ ತಿರುಗಿ, “ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ, ಔಷಧ ಕೊಡುತ್ತಾರಂತೆ” ಎಂದಳು. ಆ ರಾತ್ರಿ ಅಣ್ಣ ಫೋನಿನಲ್ಲಿ, “ಅಮ್ಮನಿಗೆ ಹೇಳಲೇಬೇಡ. ಹೇಳಿದರೆ ನಾಳೆಯಿಂದಲೇ ಹಾಸಿಗೆ ಹಿಡಿಯುತ್ತಾಳೆ” ಎಂದ. ಅಲ್ಲಿಗೆ ಮನೆಯಲ್ಲಿ ಒಂದು ಒಪ್ಪಂದವಾದಂತಾಯಿತು. ಅದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ನಮ್ಮ ಮನೆಗಳಲ್ಲಿ ಇದು ಎಷ್ಟು ಸಹಜವೆಂದರೆ, ಬೇರೆ ದಾರಿ ಇದೆಯೆಂದೇ ಆ ಹೊತ್ತಿಗೆ ತೋಚುವುದಿಲ್ಲ.

ಏಪ್ರಿಲ್ ಹೊತ್ತಿಗೆ ಅಮ್ಮನನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಊಟದ ಪ್ರತಿ ಸಲವೂ ಜೀರ್ಣರಸದ ಕ್ಯಾಪ್ಸೂಲ್ ಕೊಡಬೇಕು, ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಅದೂ ಮೊದಲ ತುತ್ತಿನ ಹೊತ್ತಿಗೇ ಆಗಬೇಕು; ಎರಡು ಚಮಚ ಗಂಜಿ ಒಳಗೆ ಹೋಗಿ ಅಮ್ಮ ಸಾಕು ಎಂದರೆ ಕ್ಯಾಪ್ಸೂಲ್ ವ್ಯರ್ಥ, ಮತ್ತೆ ಅರ್ಧ ಗಂಟೆಗೆ ಹಸಿವು ಎಂದರೆ ಮತ್ತೊಂದು. ರಾತ್ರಿ ನೋವು ಏರಿದಾಗ ಮಾರ್ಫಿನ್ ದ್ರಾವಣವನ್ನು ಸಿರಿಂಜಿನಲ್ಲಿ ಅಳೆದು ಬಾಯಿಗೆ ಹಾಕಬೇಕು, ಹೊತ್ತು ಬರೆದಿಡಬೇಕು. ಆ ತಿಂಗಳ 6ರಿಂದ ಬ್ರಿಟನ್ನಿನಲ್ಲಿ ಉದ್ಯೋಗಿಗಳಿಗೆ ವರ್ಷಕ್ಕೆ ಒಂದು ವಾರದ ಆರೈಕೆ ರಜೆಯ ಹಕ್ಕು ಬಂದಿತ್ತು, ಸಂಬಳವಿಲ್ಲದ ರಜೆ. ಮಗಳು ಅದನ್ನು ಬಳಸಿಕೊಂಡಳು. ಆಮೇಲೆ ಕೆಲಸದ ಗಂಟೆಗಳನ್ನೇ ಕಡಿಮೆ ಮಾಡಿಸಿಕೊಂಡಳು. ಸಂಬಳ ತಿಂಗಳಿಗೆ 667 ಪೌಂಡಿಗೆ ಇಳಿಯಿತು.

ಮೊದಲ ನಿರಾಕರಣೆ

ಬ್ರಿಟನ್ನಿನಲ್ಲಿ ಕೇರರ್ಸ್ ಅಲೋವೆನ್ಸ್ ಎಂಬ ಆರೈಕೆ ಭತ್ಯೆ ಇದೆ. ವಾರಕ್ಕೆ ಕನಿಷ್ಠ 35 ಗಂಟೆ ಒಬ್ಬರ ಆರೈಕೆ ಮಾಡುವವರಿಗೆ ಸಿಗುತ್ತದೆ. 2024–25ರಲ್ಲಿ ಅದರ ಮೊತ್ತ ವಾರಕ್ಕೆ 81 ಪೌಂಡ್ 90 ಪೆನ್ಸ್. ಆ ವರ್ಷ ಆರೈಕೆದಾರರ ಸ್ವಂತ ಗಳಿಕೆ ವಾರಕ್ಕೆ 151 ಪೌಂಡ್ ದಾಟುವಂತಿರಲಿಲ್ಲ.

ಈ ಭತ್ಯೆಯ ಚರಿತ್ರೆಯನ್ನು ಒಂದೆರಡು ಮಾತಿನಲ್ಲಿ ಹೇಳಲೇಬೇಕು. 1976ರಲ್ಲಿ ಬೇರೆ ಹೆಸರಿನಿಂದ ಇದು ಶುರುವಾದಾಗ, ಗಂಡನ ಜೊತೆ ವಾಸಿಸುವ ವಿವಾಹಿತ ಮಹಿಳೆಗೆ ಇದು ಸಿಗುತ್ತಿರಲಿಲ್ಲ. ಅವಳು ಹೇಗೂ ಮನೆಯಲ್ಲೇ ಇರುತ್ತಾಳೆ ಎಂಬ ತರ್ಕ. ಅಸ್ವಸ್ಥ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಮಹಿಳೆಗೆ ಇದೇ ಕಾರಣಕ್ಕೆ ಭತ್ಯೆ ನಿರಾಕರಿಸಲಾಯಿತು. ಆಕೆಯ ಪ್ರಕರಣ ಯುರೋಪಿಯನ್ ನ್ಯಾಯಾಲಯದವರೆಗೆ ಹೋಗಿ, 1986ರ ಜೂನ್‌ನಲ್ಲಿ ಆಕೆಯ ಪರವಾಗಿ ತೀರ್ಪು ಬಂತು. ಮಗಳು ನನ್ನ ಬಳಿ ಮೊದಲ ಸಲ ಮಾತನಾಡಿದಾಗ, “ಅಕ್ಕಾ, ನನ್ನ ಅಮ್ಮನನ್ನು ನಾನು ನೋಡಿಕೊಳ್ಳುವುದಕ್ಕೆ ಸರ್ಕಾರದ ಮುಂದೆ ಕೈಚಾಚಬೇಕೇ?” ಎಂದು ಕೇಳಿದಳು. ನಾನು ಅವಳಿಗೆ ಹೇಳಿದ್ದು ಈ ಪ್ರಕರಣವನ್ನೇ. ಯಾರೋ ಒಬ್ಬಳು ಮಗಳು ಹೋರಾಡಿದ್ದರಿಂದ ಬಂದ ಹಕ್ಕು ಇದು. ಇದನ್ನು ಕೇಳುವುದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ.

ಆದರೆ ಅವಳು ನನ್ನಲ್ಲಿಗೆ ಬರುವ ಮೊದಲೇ, ಏಪ್ರಿಲ್ ಕೊನೆಯಲ್ಲಿ, ರಾತ್ರಿ ಅಮ್ಮ ಮಲಗಿದ ಮೇಲೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದಳು. ಮೇ ತಿಂಗಳಲ್ಲಿ ಪತ್ರ ಬಂತು: ಭತ್ಯೆ ಕೊಡಲಾಗದು, ಏಕೆಂದರೆ ನೀವು ನೋಡಿಕೊಳ್ಳುತ್ತಿರುವ ವ್ಯಕ್ತಿಗೆ ಅರ್ಹ ಭತ್ಯೆ ಯಾವುದೂ ಸಂದಾಯವಾಗುತ್ತಿಲ್ಲ.

ಮಗಳು ಅದನ್ನು ಓದಿಕೊಂಡದ್ದು, ನಿನ್ನ ಅಮ್ಮನಿಗೆ ಅಷ್ಟೇನೂ ಕಾಯಿಲೆ ಇಲ್ಲ ಎಂದು ಸರ್ಕಾರ ಹೇಳುತ್ತಿದೆ ಎಂಬಂತೆ. ಎರಡು ದಿನ ಅತ್ತಳಂತೆ. ಪತ್ರದಲ್ಲಿ ಆ ಅರ್ಥ ಇರಲಿಲ್ಲ. ಅಮ್ಮನ ಕಾಯಿಲೆಯನ್ನು ಯಾರೂ ತೂಗಿ ನೋಡಿರಲೇ ಇಲ್ಲ. ಆರೈಕೆ ಭತ್ಯೆಯ ಕಚೇರಿ ರೋಗಿಯ ಕಾಯಿಲೆಯನ್ನು ಪರಿಶೀಲಿಸುವುದಿಲ್ಲ. ರೋಗಿಗೆ ತನ್ನ ಹೆಸರಿನಲ್ಲಿ ಒಂದು ಅಂಗವೈಕಲ್ಯ ಭತ್ಯೆ ಮಂಜೂರಾಗಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಪಿಂಚಣಿಯ ವಯಸ್ಸು ದಾಟಿದವರಿಗೆ ಅದು ಅಟೆಂಡೆನ್ಸ್ ಅಲೋವೆನ್ಸ್. ಅಮ್ಮನ ಹೆಸರಿನಲ್ಲಿ ಆ ಅರ್ಜಿ ಹೋಗಿರಲಿಲ್ಲ. ಈ ನಿರ್ಧಾರವನ್ನು ಪ್ರಶ್ನಿಸಿ ಬರೆಯೋಣ ಎಂದು ಮಗಳು ಹಟ ಹಿಡಿದಳು. ನಾನು ಬೇಡ ಎಂದೆ. ಕಾನೂನಿನ ಪ್ರಕಾರ ಪತ್ರ ಸರಿಯಾಗಿಯೇ ಇತ್ತು. ಅದರ ವಿರುದ್ಧ ಬರೆಯುತ್ತ ಕಳೆಯುವ ವಾರಗಳು ಅಮ್ಮನ ಅರ್ಜಿಗೆ ಸಲ್ಲಬೇಕಾದ ವಾರಗಳಾಗಿದ್ದವು.

ತುಂಬದೆ ಉಳಿದ ನಮೂನೆ

ಅಟೆಂಡೆನ್ಸ್ ಅಲೋವೆನ್ಸ್‌ಗೆ ಆದಾಯದ ಮಿತಿಯಿಲ್ಲ. ಮಗಳ ಮನೆಯಲ್ಲಿ ಇದ್ದರೂ ಸಿಗುತ್ತದೆ, ಅಳಿಯನ ಸಂಬಳ ಎಷ್ಟಿದ್ದರೂ ಸಿಗುತ್ತದೆ. ಆ ವರ್ಷ ಕೆಳಗಿನ ದರ ವಾರಕ್ಕೆ 72.65 ಪೌಂಡ್, ಮೇಲಿನ ದರ 108.55. ಆದರೆ ಸಾಮಾನ್ಯ ದಾರಿಯಲ್ಲಿ ಎರಡು ತೊಡಕುಗಳಿದ್ದವು. ಒಂದು, ನೆರವಿನ ಅಗತ್ಯ ಬಿದ್ದು ಆರು ತಿಂಗಳಾಗಿರಬೇಕು. ಅಮ್ಮನಿಗೆ ಆಗಿದ್ದದ್ದು ಮೂರು ತಿಂಗಳು. ಇನ್ನೊಂದು, ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಬ್ರಿಟನ್ನಿನಲ್ಲಿ ಇದ್ದಿರಬೇಕು. ವರ್ಷ ವರ್ಷವೂ ಮೈಸೂರಿನಲ್ಲಿ ಕಳೆದ ಚಳಿಗಾಲಗಳ ಲೆಕ್ಕ ತೆಗೆದಾಗ ಅದೂ ನಿಶ್ಚಿಂತೆಯ ಮಾತಾಗಿರಲಿಲ್ಲ.

ಈ ಎರಡನ್ನೂ ದಾಟಿಸುವ ದಾರಿ ಕಾನೂನಿನಲ್ಲೇ ಇದೆ. ಹನ್ನೆರಡು ತಿಂಗಳೊಳಗೆ ಸಾವು ನಿರೀಕ್ಷಿತ ಎಂದು ವೈದ್ಯರು ಭಾವಿಸುವ ರೋಗಿಗೆ ವಿಶೇಷ ನಿಯಮಗಳು ಅನ್ವಯಿಸುತ್ತವೆ. ಮೊದಲು ಈ ಅವಧಿ ಆರು ತಿಂಗಳಿತ್ತು. ಅಟೆಂಡೆನ್ಸ್ ಅಲೋವೆನ್ಸ್‌ಗೆ 2023ರ ಏಪ್ರಿಲ್‌ನಿಂದ ಅದನ್ನು ಹನ್ನೆರಡಕ್ಕೆ ಏರಿಸಿದರು. ಈ ನಿಯಮದಡಿ ಆರು ತಿಂಗಳು ಕಾಯಬೇಕಿಲ್ಲ, ಎರಡು ವರ್ಷದ ವಾಸದ ಷರತ್ತು ಇಲ್ಲ, ನೇರವಾಗಿ ಮೇಲಿನ ದರವೇ ಸಿಗುತ್ತದೆ. ಎಸ್‌ಆರ್ 1 ಎಂಬ ಒಂದು ವೈದ್ಯಕೀಯ ನಮೂನೆಯನ್ನು ಡಾಕ್ಟರ್ ಅಥವಾ ತಜ್ಞ ನರ್ಸ್ ಭರ್ತಿ ಮಾಡಬೇಕು.

ನಾನು ಇದನ್ನೆಲ್ಲ ವಿವರಿಸಿದೆ. ಅಮ್ಮನ ಅರ್ಜಿಯ ನಮೂನೆ ಮನೆಗೆ ಬಂತು. ವಾರಗಳಾದರೂ ವಾಪಸು ಹೋಗಲಿಲ್ಲ.

ಕಾರಣ ನನಗೆ ತಡವಾಗಿ ತಿಳಿಯಿತು. ವಿಶೇಷ ನಿಯಮದಡಿ ಕೇಳುತ್ತಿದ್ದೀರಾ ಎಂಬ ಪ್ರಶ್ನೆ ಆ ನಮೂನೆಯಲ್ಲೇ ಇತ್ತು. ಅಮ್ಮ ಸಹಿ ಮಾಡಬೇಕಲ್ಲ? ಅವರಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ. ‘ಟರ್ಮಿನಲ್’, ಅಂದರೆ ಸಾವಿನಲ್ಲೇ ಮುಗಿಯುವ ಕಾಯಿಲೆ, ಎಂಬ ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರೆ? ಮಂಜೂರಾತಿ ಪತ್ರ ಅವರ ಹೆಸರಿಗೇ ಬಂದು ಅದರಲ್ಲಿ ಸಾವಿನ ಮಾತಿದ್ದರೆ? ಅಣ್ಣ ಫೋನಿನಲ್ಲಿ, “ಆ ದುಡ್ಡು ನಾನು ಕಳಿಸುತ್ತೇನೆ, ಆ ಕಾಗದ ಮಾತ್ರ ಮುಟ್ಟಬೇಡ” ಎಂದನಂತೆ. ಒಂದೆರಡು ಸಲ ಹಣ ಕಳಿಸಿಯೂ ಇದ್ದ. ಅವನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಸಿರಿಂಜ್ ಹಿಡಿದು ಎದ್ದು ಕೂರುತ್ತಿದ್ದವಳು ತಂಗಿ. ಅಡಮಾನದ ಕಂತು, ಮಕ್ಕಳ ಖರ್ಚು, ಕುಸಿದ ಸಂಬಳ, ಎಲ್ಲವೂ ಅವಳ ತಲೆಯ ಮೇಲಿತ್ತು.  

ನರ್ಸ್ ತೋರಿಸಿದ ದಾರಿ

ಪ್ರಕರಣ ತಿರುಗಿದ್ದು ಜೂನ್‌ನಲ್ಲಿ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಸ್ಥಳೀಯ ಹಾಸ್ಪೈಸ್‌ನಿಂದ ಮನೆಗೆ ಬರುತ್ತಿದ್ದ ನರ್ಸ್, ಮಗಳು ಬಾಗಿಲಿನವರೆಗೆ ಬಿಡಲು ಬಂದಾಗ, ಅಟೆಂಡೆನ್ಸ್ ಅಲೋವೆನ್ಸ್ ಬರುತ್ತಿದೆಯೇ ಎಂದು ಕೇಳಿದರು. ಮಗಳು ನಿಜ ಹೇಳಿದಳು. ಆಗ ನರ್ಸ್ ಹೇಳಿದ ಮೂರು ಸಂಗತಿಗಳು ಮನೆಯ ಲೆಕ್ಕಾಚಾರವನ್ನೇ ಬದಲಿಸಿದವು. ವಿಶೇಷ ನಿಯಮದಡಿ ರೋಗಿಯ ಪರವಾಗಿ ಬೇರೊಬ್ಬರು ಅರ್ಜಿ ಹಾಕಬಹುದು, ಸಹಿಯನ್ನೂ ಅವರೇ ಮಾಡಬಹುದು, ರೋಗಿಗೆ ತಿಳಿದಿರಲೇಬೇಕು ಎಂದೇನಿಲ್ಲ. ಎಸ್‌ಆರ್ 1 ನಮೂನೆಯನ್ನು ವೈದ್ಯಕೀಯ ಸಿಬ್ಬಂದಿ ನೇರವಾಗಿ ಭತ್ಯೆ ಕೊಡುವ ಇಲಾಖೆಗೇ ಕಳಿಸಬಹುದು, ಅದು ಮನೆಯ ಮೇಜಿನ ಮೇಲೆ ಬೀಳಬೇಕಿಲ್ಲ. ಮಂಜೂರಾತಿ ಪತ್ರದಲ್ಲಿ ವಿಶೇಷ ನಿಯಮದ ಪ್ರಸ್ತಾಪ ಇರುವುದಿಲ್ಲ. ರೋಗಿಗೆ ತಿಳಿಸದೆ ಇರುವ ಮುನ್ಸೂಚನೆಯನ್ನು ಇಲಾಖೆ ‘ಹಾನಿಕರ ಮಾಹಿತಿ’ ಎಂದು ಬೇರೆಯಾಗಿ ಕಾಪಾಡುತ್ತದೆ.

ಮನೆಯವರು ಬಾಯಿ ಬಿಡಲಾಗದ ಸ್ಥಿತಿಯನ್ನು ಕಾನೂನು ಮೊದಲೇ ಊಹಿಸಿತ್ತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿತು. ಕಟುವಾದ ನಿಯಮಗಳ ನಡುವೆ ಎಲ್ಲೋ ಯಾರೋ ಒಬ್ಬರು ಕುಳಿತು, ಸಾಯುವವರ ಮನೆಯೊಳಗೆ ಏನೇನು ನಡೆಯುತ್ತದೆ ಎಂದು ಯೋಚಿಸಿ ಬರೆದ ಸಾಲುಗಳವು.

ನರ್ಸ್ ಇನ್ನೂ ಒಂದು ಮಾತು ಹೇಳಿದರು, ಅದನ್ನು ಒತ್ತಿ ಹೇಳಿದರು: “ಅರ್ಜಿಗೆ ಅಮ್ಮನಿಗೆ ತಿಳಿಸಬೇಕಿಲ್ಲ. ಆದರೆ ಅಮ್ಮನೇ ನನ್ನನ್ನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.” ಅಣ್ಣ ತಂಗಿ ಆ ರಾತ್ರಿ ಬಹಳ ಹೊತ್ತು ಮಾತನಾಡಿದರು. ಅಮ್ಮನಿಗೆ ಹೇಳುವ ವಿಷಯದಲ್ಲಿ ಅಣ್ಣ ಬಗ್ಗಲಿಲ್ಲ. ಅರ್ಜಿಗೆ ಮಾತ್ರ ಒಪ್ಪಿದ. ಈ ಎರಡನ್ನು ಬಿಡಿಸಿ ನೋಡಬಹುದು ಎಂದು ಗೊತ್ತಾದದ್ದೇ ಇಡೀ ಪ್ರಕರಣದ ಮುಖ್ಯ ತಿರುವು ಎಂದು ನಾನು ತಿಳಿಯುತ್ತೇನೆ. ಅಲ್ಲಿಯವರೆಗೆ ಅರ್ಜಿ ಹಾಕುವುದೆಂದರೆ ಅಮ್ಮನಿಗೆ ಸತ್ಯ ಹೇಳುವುದು ಎಂದೇ ಇಬ್ಬರೂ ಭಾವಿಸಿದ್ದರು.

ಜೂನ್ ಮಧ್ಯದಲ್ಲಿ ಅರ್ಜಿ ಹೋಯಿತು. ಸಾಮಾನ್ಯ ಅರ್ಜಿಯಲ್ಲಿ ಪುಟಗಟ್ಟಲೆ ಬರೆಯಬೇಕಾದ ಸ್ನಾನ, ಊಟ, ನಡಿಗೆಯ ಪ್ರಶ್ನೆಗಳನ್ನು ತುಂಬುವ ಅಗತ್ಯವೇ ಬೀಳಲಿಲ್ಲ. ತಿಂಗಳು ಮುಗಿಯುವ ಮೊದಲೇ ವಾರಕ್ಕೆ 108.55 ಪೌಂಡ್ ಮಂಜೂರಾಗಿ, ಅರ್ಜಿಯ ದಿನದಿಂದಲೇ ಲೆಕ್ಕ ಹಾಕಿ, ಅಮ್ಮನ ಖಾತೆಗೆ ಹಣ ಬಂತು. ಪತ್ರದಲ್ಲಿ ಆ ಪದ ಇರಲಿಲ್ಲ.

ಎರಡು ಪೌಂಡ್ 92 ಪೆನ್ಸ್

ಜುಲೈ ಮೊದಲ ವಾರ ಮಗಳು ಮತ್ತೆ ಆರೈಕೆ ಭತ್ಯೆಗೆ ಅರ್ಜಿ ಹಾಕಿದಳು. ಇಲ್ಲಿ ಹೊತ್ತು ಮುಖ್ಯ. ರೋಗಿಯ ಭತ್ಯೆ ಮಂಜೂರಾದ ಮೂರು ತಿಂಗಳೊಳಗೆ ಆರೈಕೆದಾರರು ಅರ್ಜಿ ಹಾಕಿದರೆ, ರೋಗಿಗೆ ಭತ್ಯೆ ಶುರುವಾದ ದಿನದವರೆಗೂ ಹಿಂದಕ್ಕೆ ಹೋಗಿ ಕೊಡುತ್ತಾರೆ. ಹೀಗಾಗಿ ಜೂನ್ ಮಧ್ಯದಿಂದಲೇ ಸಿಗಬೇಕಿತ್ತು.

ಅರ್ಜಿಗೆ ಮುನ್ನ 35 ಗಂಟೆಯ ಲೆಕ್ಕ ಬರೆಯಲು ಕುಳಿತಾಗ ಅವಳು ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದಳು. ಸ್ನಾನ, ಬಟ್ಟೆ, ಔಷಧ, ಆಸ್ಪತ್ರೆ, ಅಷ್ಟೆ. ಗಂಜಿ ಮಾಡಿದ್ದು? ಅದು ಅಡುಗೆ, ಲೆಕ್ಕಕ್ಕಿಲ್ಲ ಅಂದಳು. ರಾತ್ರಿ ಅಮ್ಮನ ಕೋಣೆಯಲ್ಲಿ ಎಚ್ಚರವಿದ್ದದ್ದು? ಸುಮ್ಮನೆ ಕೂತಿದ್ದೆ, ಏನೂ ಮಾಡಲಿಲ್ಲ ಅಂದಳು. ಔಷಧದ ಅಂಗಡಿಗೆ ಓಡಿದ್ದು, ನರ್ಸಿಗೆ ಫೋನ್ ಮಾಡಿ ಕಾದದ್ದು, ಅಮ್ಮ ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಂತದ್ದು, ಯಾವುದೂ ಅವಳ ಪಟ್ಟಿಯಲ್ಲಿರಲಿಲ್ಲ. ಇವೆಲ್ಲವೂ ಆರೈಕೆಯೇ; ಮೇಲ್ವಿಚಾರಣೆಯೂ ಲೆಕ್ಕಕ್ಕೆ ಬರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಒಂದು ವಾರ ಗಂಟೆ ಗಂಟೆಯೂ ಬರೆಯಲು ಹೇಳಿದೆ. ಮೂವತ್ತೈದು ಎಂದೋ ದಾಟಿತ್ತು. ಹೆಣ್ಣುಮಕ್ಕಳು ತಮ್ಮ ದುಡಿಮೆಯನ್ನು ತಾವೇ ಕಡಿಮೆ ಬರೆದುಕೊಳ್ಳುವುದನ್ನು ನಾನು ಈ ಕೆಲಸದಲ್ಲಿ ಪದೇ ಪದೇ ನೋಡುತ್ತೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ಆಗಸ್ಟ್‌ನಲ್ಲಿ ಎರಡನೆಯ ನಿರಾಕರಣೆ ಬಂತು. ಈ ಸಲದ ಕಾರಣ ಗಳಿಕೆ. ತಿಂಗಳಿಗೆ 667 ಪೌಂಡ್ ಎಂದರೆ ವಾರಕ್ಕೆ 153.92. ಮಿತಿ 151. ಎರಡು ಪೌಂಡ್ 92 ಪೆನ್ಸ್ ಹೆಚ್ಚು. ಈ ಭತ್ಯೆಯಲ್ಲಿ ಮಿತಿ ದಾಟಿದಷ್ಟನ್ನು ಮಾತ್ರ ಕಳೆಯುವ ಪದ್ಧತಿಯಿಲ್ಲ. ಒಂದು ಪೌಂಡ್ ದಾಟಿದರೂ ಆ ವಾರದ 81.90 ಪೂರ್ತಿಯಾಗಿ ಹೋಗುತ್ತದೆ. ಇದು ಅನ್ಯಾಯದ ನಿಯಮ ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಇದೇ ಅಂಚಿನಲ್ಲಿ ಜಾರಿ, ಗೊತ್ತಿಲ್ಲದೆ ಮಿತಿ ದಾಟಿದ ಆರೈಕೆದಾರರಿಂದ ಸಾವಿರಾರು ಪೌಂಡ್ ವಾಪಸು ಕೇಳಿದ ಸಂಗತಿ 2024ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. 2025ರ ಏಪ್ರಿಲ್‌ನಲ್ಲಿ ಮಿತಿಯನ್ನು 196 ಪೌಂಡಿಗೆ ಏರಿಸಿದರು. ಅಂಚು ಮಾತ್ರ ಹಾಗೆಯೇ ಉಳಿಯಿತು.

ಮಗಳು ಈ ಸಲ ಅಳಲಿಲ್ಲ. ಕೆಲಸದ ಗಂಟೆ ಇನ್ನಷ್ಟು ಇಳಿಸುತ್ತೇನೆ ಎಂದಳು. ಅದಕ್ಕೆ ಮೊದಲು ಸಂಬಳದ ಚೀಟಿ ತೋರಿಸು ಎಂದೆ. ಅದರಲ್ಲಿ ಪಿಂಚಣಿ ನಿಧಿಗೆ ಕಡಿತವಾದ 5.5 ಶೇಕಡಾ ಇತ್ತು, ತಿಂಗಳಿಗೆ ಸುಮಾರು 36 ಪೌಂಡ್ 69 ಪೆನ್ಸ್. ಗಳಿಕೆಯ ಲೆಕ್ಕ ಹಾಕುವಾಗ ತೆರಿಗೆ, ರಾಷ್ಟ್ರೀಯ ವಿಮೆಯ ಜೊತೆಗೆ ಪಿಂಚಣಿ ವಂತಿಗೆಯ ಅರ್ಧವನ್ನೂ ಕಳೆಯಬೇಕು. ಅರ್ಧ ಕಳೆದರೆ ವಾರದ ಗಳಿಕೆ 149 ಪೌಂಡ್ 69 ಪೆನ್ಸ್‌ಗೆ ಇಳಿಯುತ್ತದೆ. ಮಿತಿಯ ಒಳಗೆ. ಅರ್ಜಿಯಲ್ಲಿ ಪಿಂಚಣಿಯ ಪ್ರಶ್ನೆಗೆ ಅವಳು, ತನಗಿನ್ನೂ ಪಿಂಚಣಿ ಬರುತ್ತಿಲ್ಲವಲ್ಲ ಎಂದುಕೊಂಡು, ಇಲ್ಲ ಎಂದು ಗುರುತು ಹಾಕಿದ್ದಳು.

ನಿರ್ಧಾರದ ದಿನಾಂಕದಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು. ಮೊದಲ ನಿರಾಕರಣೆಯಲ್ಲಿ ಬೇಡ ಎಂದ ನಾನು ಇದರಲ್ಲಿ ಬರೆಯೋಣ ಎಂದೆ, ಏಕೆಂದರೆ ಇಲ್ಲಿ ಲೆಕ್ಕದ ಅಂಕಿಯೇ ಬದಲಾಗುತ್ತಿತ್ತು. ಪತ್ರ ಒಂದು ಪುಟಕ್ಕಿಂತ ಚಿಕ್ಕದು. ಅಮ್ಮನ ನೋವು, ಮನೆಯ ಕಷ್ಟ ಏನನ್ನೂ ಬರೆಯಲಿಲ್ಲ. ಸಂಬಳದ ಚೀಟಿಗಳು, ಪಿಂಚಣಿ ಕಡಿತದ ಸಾಲು, ವಾರದ ಲೆಕ್ಕ, ಇಷ್ಟೇ. ಸೆಪ್ಟೆಂಬರ್ ಮಧ್ಯದಲ್ಲಿ ನಿರ್ಧಾರ ಬದಲಾಯಿತು. ಹದಿಮೂರು ವಾರಗಳ ಬಾಕಿ 1,064 ಪೌಂಡ್ 70 ಪೆನ್ಸ್ ಒಟ್ಟಿಗೆ ಬಂತು. ಬದಲಾಗದೆ ಇದ್ದಿದ್ದರೆ ಮತ್ತೊಂದು ತಿಂಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕುವ ಹಕ್ಕು ಅವಳಿಗಿತ್ತು.

ಅಮ್ಮ ಕೇಳಿದ್ದು

ಹಣದ ಕತೆ ಇಲ್ಲಿಗೆ ಸರಿಹೋಯಿತು. ಆದರೆ ಅಕ್ಟೋಬರ್ ಬಂದಂತೆ ಅಮ್ಮ ಮೈಸೂರಿನ ಮಾತು ತೆಗೆದರು. ಟಿಕೆಟ್ ಯಾವಾಗ, ಮನೆಗೆ ಸುಣ್ಣ ಬಳಿಸಬೇಕು, ಹೋಗುವಾಗ ಯಾರಿಗೆ ಏನು ಒಯ್ಯಬೇಕು. ಮಗಳು ನಾಳೆ ನೋಡೋಣ ಎಂದು ದಿನ ದೂಡಿದಳು. ಒಂದು ದಿನ ನರ್ಸ್ ಬಂದಾಗ ಅಮ್ಮ, ಕನ್ನಡ ಬಲ್ಲವರನ್ನು ಫೋನಿನಲ್ಲಿ ಹಾಕಿಸಿಕೊಡಿ, ಮಗಳು ಹೊರಗಿರಲಿ ಎಂದರು. ಹಾಸ್ಪೈಸ್‌ನವರು ದುಭಾಷಿಯನ್ನು ಹೊಂದಿಸಿದರು. ಅಮ್ಮ ಕೇಳಿದ್ದು, ನಾನು ಈ ಚಳಿಗಾಲಕ್ಕೆ ಮೈಸೂರಿಗೆ ಹೋಗಲು ಸಾಧ್ಯವೇ ಎಂದು. ನರ್ಸ್ ಉತ್ತರ ಹೇಳಿದರು.

ಆ ಸಂಜೆ ಅಮ್ಮ ಮಗನಿಗೆ ಫೋನ್ ಮಾಡಿ, “ನಾನು ಬರುವುದಿಲ್ಲ, ನೀನೇ ಬಾ” ಎಂದರು. ಅವನು ಬಂದ. ಮೈಸೂರಿನ ಮನೆಯ ಕಾಗದ ಪತ್ರ, ಬೀರುವಿನ ಒಡವೆ, ಯಾರಿಗೆ ಏನು ಎಂಬುದನ್ನೆಲ್ಲ ಅಮ್ಮ ಅವನ ಕೈಯಲ್ಲಿ ಬರೆಸಿದರು. ತನ್ನ ಖಾತೆಯಲ್ಲಿ ಸೇರಿದ್ದ ಭತ್ಯೆಯ ಹಣವನ್ನು ಮಗಳ ಮನೆಯ ಕಂತಿಗೆ ಹಾಕಿಸಿದರು. ಫೆಬ್ರವರಿಯಲ್ಲಿ ಯಾರಾದರೂ ಕನ್ನಡದಲ್ಲಿ ಅವರನ್ನೇ ಕೇಳಿದ್ದರೆ, ವಿಮಾನ ಹತ್ತುವ ಶಕ್ತಿ ಇದ್ದಾಗಲೇ ಮೈಸೂರನ್ನು ಒಮ್ಮೆ ನೋಡಿ ಬರುವುದನ್ನು ಅವರು ಆರಿಸಿಕೊಳ್ಳುತ್ತಿದ್ದರೋ ಏನೋ. ಆ ಆಯ್ಕೆ ಅವರ ಕೈಯಲ್ಲಿ ಇರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನವೆಂಬರ್‌ನಲ್ಲಿ ಅಮ್ಮ ಮನೆಯಲ್ಲೇ ತೀರಿಕೊಂಡರು. ನಡುವೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಇಪ್ಪತ್ತೆಂಟು ದಿನ ದಾಟದ ಕಾರಣ ಭತ್ಯೆ ನಿಲ್ಲಲಿಲ್ಲ. ಸಾವಿನ ನಂತರವೂ ಆರೈಕೆ ಭತ್ಯೆ ಎಂಟು ವಾರ ಮುಂದುವರಿಯುತ್ತದೆ. ಇದು ತನಗೆ ತಪ್ಪಾಗಿ ಬರುತ್ತಿದೆ ಎಂದು ಹೆದರಿ ಮಗಳು ಫೋನ್ ಮಾಡಿದ್ದಳು. ಅದು ಅವಳಿಗೆ ಸಲ್ಲಬೇಕಾದದ್ದೇ. ಜನವರಿಯಲ್ಲಿ ಕೊನೆಯ ಕಂತು ಬಂತು.

ಬೇರೆಯವರಿಗೆ ಉಪಯೋಗವಾಗುವಂಥದ್ದು

ಈಗ ಯಾರಾದರೂ ಆರೈಕೆ ಭತ್ಯೆ ಸಿಗಲಿಲ್ಲ ಎಂದು ಬಂದರೆ ನಾನು ಮೊದಲು ಕೇಳುವುದು, ಅಪ್ಪನಿಗೋ ಅಮ್ಮನಿಗೋ ಅವರ ಹೆಸರಿನಲ್ಲಿ ಏನು ಬರುತ್ತಿದೆ ಎಂದು. ಪಿಂಚಣಿಯ ವಯಸ್ಸಿಗಿಂತ ಚಿಕ್ಕವರಾದರೆ ಅಟೆಂಡೆನ್ಸ್ ಅಲೋವೆನ್ಸ್ ಬದಲು ಪಿಐಪಿ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ಎಂಬ ಅಂಗವೈಕಲ್ಯ ಭತ್ಯೆ. ವಿಶೇಷ ನಿಯಮ ಅಲ್ಲಿಯೂ ಇದೆ. ಸ್ಕಾಟ್ಲೆಂಡಿನಲ್ಲಿ ಈ ಭತ್ಯೆಗಳ ಹೆಸರು, ಕಚೇರಿ ಎರಡೂ ಬೇರೆ. ಎಸ್‌ಆರ್ 1 ಬಗ್ಗೆ ಡಾಕ್ಟರ್ ತಾವಾಗಿ ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ. ರೋಗಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಬದುಕಿದರೆ ಕೊಟ್ಟ ಹಣವನ್ನು ವಾಪಸು ಕೇಳುವುದಿಲ್ಲ; ಹಾಗಾಗಿ ಕೇಳಿದರೆ ಅಪಶಕುನ ಎಂಬ ಅಳುಕೂ ಬೇಡ, ಆತುರಪಟ್ಟೆವೇನೋ ಎಂಬ ಭಯವೂ ಬೇಡ.

ನಮ್ಮವರಿಗೆ ಎರಡು ಎಚ್ಚರಿಕೆ ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಕೆಲಸದ ವೀಸಾದ ಮೇಲೆ ಇರುವವರಲ್ಲಿ ಬಹುಪಾಲು ಮಂದಿಗೆ ಸಾರ್ವಜನಿಕ ನಿಧಿ ಪಡೆಯುವ ಅವಕಾಶ ಇರುವುದಿಲ್ಲ, ಈ ಭತ್ಯೆಗಳು ಆ ನಿಧಿಯಲ್ಲೇ ಸೇರುತ್ತವೆ. ವೀಸಾದ ಷರತ್ತು ಓದದೆ ಅರ್ಜಿ ಹಾಕಿದರೆ ವೀಸಾಕ್ಕೇ ತೊಂದರೆಯಾಗಬಹುದು, ಮೊದಲು ವಲಸೆ ಕಾನೂನು ಬಲ್ಲವರನ್ನು ಕೇಳಿ. ಇನ್ನೊಂದು, ಬ್ರಿಟಿಷ್ ಪೌರತ್ವವಿದ್ದು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಅಪ್ಪ ಅಮ್ಮನಿಗೆ ಕಾಯಿಲೆ ಎಂದು ಇಂಗ್ಲೆಂಡಿಗೆ ಮರಳಿದ ಮಕ್ಕಳದು. ಸಾಯುತ್ತಿರುವ ರೋಗಿಗೆ ಎರಡು ವರ್ಷದ ವಾಸದ ಷರತ್ತು ಇಲ್ಲ, ಆದರೆ ಅವರನ್ನು ನೋಡಿಕೊಳ್ಳುವ ಮಗನಿಗೆ, ಮಗಳಿಗೆ ಇದೆ. ಅಂಥವರಿಗೆ ಬಂದ ನಿರಾಕರಣೆ ಸಂಬಳದ ಚೀಟಿಯಿಂದ ತಿರುಗುವಂಥದ್ದಲ್ಲ. ಇದನ್ನು ಬದಲಿಸಬೇಕು ಎಂದು ಸಂಸದರಿಗೆ ಬರೆಯುವುದನ್ನು ನಾನು ಬಿಟ್ಟಿಲ್ಲ.

ಹಣದ ಕಡೆಯಿಂದ ಈ ಮನೆಗೆ ಆದ ನಿಜವಾದ ನಷ್ಟ ಎರಡು ನಿರಾಕರಣೆಗಳಿಂದ ಆದದ್ದಲ್ಲ. ಎರಡನೆಯದು ಪೂರ್ತಿ ಸರಿಹೋಯಿತು. ಅಮ್ಮನ ಅರ್ಜಿ ಮಾರ್ಚ್‌ನಲ್ಲಿ ಹೋಗಬೇಕಿತ್ತು, ಜೂನ್‌ನಲ್ಲಿ ಹೋಯಿತು. ಅಟೆಂಡೆನ್ಸ್ ಅಲೋವೆನ್ಸ್ ಅರ್ಜಿಯ ದಿನದಿಂದ ಹಿಂದಕ್ಕೆ ಹೋಗುವುದಿಲ್ಲ. ಫೋನ್ ಮಾಡಿ ನಮೂನೆ ತರಿಸಿಕೊಂಡು ಆರು ವಾರದೊಳಗೆ ತುಂಬಿ ಕಳಿಸಿದರೆ ಫೋನ್ ಮಾಡಿದ ದಿನವನ್ನೇ ಅರ್ಜಿಯ ದಿನ ಎಂದು ಹಿಡಿಯುತ್ತಾರೆ. ಮನೆಯಲ್ಲಿ ಇನ್ನೂ ಒಮ್ಮತ ಮೂಡಿರದಿದ್ದರೂ, ಯಾರಿಗೆ ಏನು ಹೇಳುವುದು ಎಂಬ ಮಾತು ಮುಗಿದಿರದಿದ್ದರೂ, ಆ ಫೋನ್ ಕರೆಯನ್ನು ಅದೇ ದಿನ ಮಾಡಿಬಿಡಬಹುದು.